ಸುಳ್ಳು ಹೋದ ದಾರಿಯಲ್ಲೇ

ಆ ಫೋಟೋ ನನ್ನ ಫೋನಿಗೆ ಬಂದಾಗ ನಾನು ಡೊಂಬಿವಲಿಯ ಮನೆಯಲ್ಲಿ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. ಯಾವುದೋ ಹೌಸಿಂಗ್ ಸೊಸೈಟಿಯಲ್ಲಿ ಮಕ್ಕಳು ಆಡುವ ಜಾಗ. ಇಳಕಲ್ ಸೀರೆಯ ಮಧ್ಯವಯಸ್ಸಿನ ಹೆಂಗಸೊಬ್ಬಳು ಬಗ್ಗಿ ನಿಂತು ಒಂದು ಪುಟ್ಟ ಮಗುವಿನ ಹಣೆ ಮುಟ್ಟುತ್ತಿದ್ದಾಳೆ. ಇನ್ನೊಂದು ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಮಗುವಿನ ಹಣೆಯ ಮೇಲೆ ಹಳದಿ ಪುಡಿ. ಕೆಳಗೆ ಕನ್ನಡದಲ್ಲಿ ಬರೆದಿತ್ತು: ‘ಎಚ್ಚರ! ಮಕ್ಕಳ ಕಳ್ಳಿ. ಹಳದಿ ಪುಡಿ ಹಚ್ಚಿದರೆ ಮಗು ಇವಳ ಹಿಂದೆಯೇ ಹೋಗುತ್ತದೆ. ಠಾಕುರ್ಲಿ, ಡೊಂಬಿವಲಿ, ಕಲ್ಯಾಣ್ ಕಡೆ ಗ್ಯಾಂಗ್ ಇಳಿದಿದೆ. ತಡಮಾಡದೆ ಎಲ್ಲರಿಗೂ ಕಳಿಸಿ.’

ಬಂದದ್ದು ನಮ್ಮ ಕನ್ನಡ ಸಂಘದ ಗ್ರೂಪಿನಲ್ಲಿ. ಆ ಗ್ರೂಪಿಗೆ ನಾನು ಅಡ್ಮಿನ್. ಕೇಳಿ ಪಡೆದ ಪದವಿಯಲ್ಲ. ಮುಂಬೈಯ ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ನಾನು ಉಪಸಂಪಾದಕಿ. ‘ನೀವು ಪೇಪರ್‌ನವರು, ಯಾರು ಎಂತ ಬರೀತಾರಂತ ಸ್ವಲ್ಪ ನೋಡಿಕೊಳ್ಳಿ ಅಕ್ಕ’ ಎಂದು ಸಂಘದ ಅಧ್ಯಕ್ಷರು ಹೆಗಲಿಗೆ ಹಾಕಿದ್ದರು. ಅವರು ಉಡುಪಿ ಕಡೆಯವರು, ಕಲ್ಯಾಣದಲ್ಲಿ ಹೋಟೆಲ್ ಇದೆ. ನಾನೂ ಅದೇ ಕಡೆಯವಳು. ಸಂಘದಲ್ಲಿ ಹೆಚ್ಚಿನವರು ಕರಾವಳಿಯವರೇ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಮಕ್ಕಳೊಂದಿಗೆ ಸೋತು ಹಿಂದಿ.

ಗ್ರೂಪು ಹೊರನೋಟಕ್ಕೆ ಬಹಳ ಆತ್ಮೀಯವಾಗಿತ್ತು. ಬೆಳಗಾದರೆ ಹೂವಿನ ಚಿತ್ರ, ಹಬ್ಬಕ್ಕೆ ದೀಪದ ಚಿತ್ರ, ಯಾರಾದರೂ ತೀರಿಕೊಂಡರೆ ಸಾಲು ಸಾಲು ಮುಗಿದ ಕೈಗಳು. ಆ ದಿನವೂ ಸಾಲಾಗಿ ಮುಗಿದ ಕೈಗಳೇ ಬಂದವು. ‘ತಿಳಿಸಿದ್ದಕ್ಕೆ ಧನ್ಯವಾದ’, ‘ಇಂಥವರನ್ನು ಕಂಬಕ್ಕೆ ಕಟ್ಟಬೇಕು’, ‘ಬೇರೆ ಗ್ರೂಪಿಗೂ ಹಾಕಿದೆ’. ಆ ಹೆಂಗಸು ಯಾರೆಂದು ಒಬ್ಬರೂ ಕೇಳಲಿಲ್ಲ.

ನಾನು ಡೆಸ್ಕಿಗೆ ಸೇರಿದ ಹೊಸತರಲ್ಲಿ, ಎರಡು ಸಾವಿರದ ಆರಂಭದ ವರ್ಷಗಳಲ್ಲಿ, ಫೋಟೋಗಳು ಇನ್ನೂ ಪ್ರಿಂಟಾಗಿಯೇ ಬರುತ್ತಿದ್ದವು. ಪ್ರತಿಯೊಂದರ ಬೆನ್ನಿಗೆ ಒಂದು ಚೀಟಿ: ಎಲ್ಲಿ, ಯಾರು, ತೆಗೆದವರು ಯಾರು. ಚೀಟಿಯಿಲ್ಲದ ಫೋಟೋವನ್ನು ನಮ್ಮ ಮುಖ್ಯ ಉಪಸಂಪಾದಕರು ಬೆರಳ ತುದಿಯಿಂದ ಮೇಜಿನಾಚೆ ತಳ್ಳುತ್ತಿದ್ದರು. ‘ಅನಾಥ ಶವವನ್ನು ಪೊಲೀಸರು ನೋಡಿಕೊಳ್ಳುತ್ತಾರೆ, ನಾವಲ್ಲ’ ಎನ್ನುತ್ತಿದ್ದರು. ಅವರ ಮಾತು ಒರಟಾಗಿತ್ತು. ಆ ಒರಟುತನದಿಂದಲೇ ಎಷ್ಟೋ ಜನರ ಮಾನ ಉಳಿದಿದ್ದನ್ನು ನಾನು ಕಂಡಿದ್ದೇನೆ.

ಗ್ರೂಪಿನಲ್ಲಿ ಬರೆದೆ: ‘ಈ ಫೋಟೋ ತೆಗೆದವರು ಯಾರು?’

‘ಬಂದದ್ದನ್ನು ಕಳಿಸಿದ್ದು ಅಕ್ಕ’ ಎಂದರು ಕಳಿಸಿದವರು.

ಇನ್ನೊಬ್ಬರು, ‘ಇದು ನಿಮ್ಮ ಪೇಪರ್ ಅಲ್ಲ ಮೇಡಂ, ಗ್ರೂಪು. ಇಲ್ಲಿ ಪ್ರೂಫ್ ತಿದ್ದಲಿಕ್ಕಿಲ್ಲ’ ಎಂದು ಬರೆದು ನಗುವ ಮುಖ ಹಾಕಿದರು. ಆ ಮುಖಕ್ಕೆ ಹಲವರು ತಮ್ಮ ನಗುವನ್ನೂ ಸೇರಿಸಿದರು.

ಲೋಕಲ್ ಹತ್ತಿ, ಸೀಟು ಸಿಕ್ಕ ಮೇಲೆ ಫೋನ್ ಮಾಡಲು ಶುರು ಮಾಡಿದೆ. ಕಳಿಸಿದವರಿಗೆ ಅದು ಬಂದದ್ದು ಅವರ ಭಾವನಿಂದ. ಭಾವನಿಗೆ ಬಂದದ್ದು ಹೋಟೆಲಿನವರ ಗ್ರೂಪಿನಿಂದ. ಅಲ್ಲಿಗೆ ಹಾಕಿದವರ ಹೆಂಡತಿಗೆ ಬಂದದ್ದು ಭಜನಾ ಮಂಡಳಿಯ ಗ್ರೂಪಿನಿಂದ. ಅದಕ್ಕೆ ಹಾಕಿದವಳು ಠಾಕುರ್ಲಿಯಲ್ಲಿ ಇರುವ ಬ್ಯಾಂಕ್ ಉದ್ಯೋಗಿ, ಕರಾವಳಿಯವಳು, ನಮ್ಮದೇ ಸಂಘದ ಸದಸ್ಯೆ. ಫೋಟೋ ನಮ್ಮ ಮನೆಯಿಂದಲೇ ಹೊರಟು ಊರು ಸುತ್ತಿ ನಮ್ಮ ಮನೆಗೇ ಬಂದಿತ್ತು.

‘ನಾನು ಕಳ್ಳಿ ಅಂತ ಬರೀಲೇ ಇಲ್ಲ ಅಕ್ಕ’ ಎಂದಳು ಆಕೆ. ‘ಬಾಲ್ಕನಿಯಲ್ಲಿ ಬಟ್ಟೆ ಒಣಗ್ಲಿಕ್ಕೆ ಹಾಕ್ತಾ ಇದ್ದೆ. ಮಗುವಿಗೆ ಎಂತದೋ ಹಳದಿ ಹಚ್ಚಿದ್ಲು. ಇದೆಂತದು, ಯಾರಿಗಾದ್ರೂ ಗೊತ್ತುಂಟಾ ಅಂತ ಕೇಳಿದ್ದು ಅಷ್ಟೇ.’

‘ಕೆಳಗಿಳಿದು ಅವಳನ್ನೇ ಕೇಳಬಹುದಿತ್ತಲ್ಲ?’

‘ಗುರ್ತ ಪರಿಚಯ ಇಲ್ಲದವಳ ಹತ್ರ ಹೇಗೆ ಮಾತಾಡ್ಲಿಕ್ಕೆ? ಅವಳಿಗೆ ಯಾವ ಭಾಷೆ ಬರ್ತದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?’

ಪ್ರಶ್ನೆ ಎರಡನೆಯ ಗ್ರೂಪಿನಲ್ಲಿ ಅನುಮಾನವಾಗಿ, ಮೂರನೆಯದರಲ್ಲಿ ಗ್ಯಾಂಗ್ ಆಗಿತ್ತು. ಯಾರೂ ಪೂರ್ತಿ ಸುಳ್ಳು ಹೇಳಿರಲಿಲ್ಲ. ಒಬ್ಬೊಬ್ಬರೂ ಒಂದೊಂದು ಪದ ಸೇರಿಸಿದ್ದರು.

ಸಂಜೆ ಮನೆಗೆ ಬಂದಾಗ ಎದುರು ಮನೆಯ ಮರಾಠಿ ಅಜ್ಜಿ ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿದವರೇ ನಕ್ಕುಬಿಟ್ಟರು.

‘ಅಗಂ, ಹಾ ತರ್ ಭಂಡಾರಾ! ಖಂಡೋಬಾಚಾ, ನಾಹೀತರ್ ಯಲ್ಲಮ್ಮಾಚಾ.’ ದೇವರಿಗೆ ಏರಿಸಿದ ಅರಿಶಿನ ಪುಡಿ. ಮಕ್ಕಳಿಗೆ ದೃಷ್ಟಿ ತಾಗಬಾರದೆಂದು ಹಚ್ಚುತ್ತಾರೆ. ಆಮೇಲೆ ಅಜ್ಜಿ ನನ್ನ ಮುಖ ನೋಡಿ ಕೇಳಿದರು: ‘ತುಮ್ಹೀ ಕಾನಡೀ ನಾ? ತುಮ್ಹಾಲಾಚ್ ಮಾಹೀತ್ ನಾಹೀ?’ ನೀವು ಕನ್ನಡದವರಲ್ಲವೇ, ನಿಮಗೇ ಗೊತ್ತಿಲ್ಲವೇ?

ಉತ್ತರ ಕರ್ನಾಟಕದವರಿಗೆ ಗೊತ್ತು, ಮರಾಠಿಯವರಿಗೆ ಗೊತ್ತು. ಗಂಧ ಪ್ರಸಾದದಲ್ಲೇ ಬೆಳೆದ ನಾವು ಕರಾವಳಿಯವರು ಭಂಡಾರವನ್ನು ಮನೆಯಂಗಳದಲ್ಲಿ ಕಂಡವರಲ್ಲ. ಒಂದೇ ಭಾಷೆಯ ಹೆಸರಿನಲ್ಲಿ ಸಂಘ ಕಟ್ಟಿ, ಅದೇ ಭಾಷೆಯ ಇನ್ನೊಂದು ಮೂಲೆಯಿಂದ ಬಂದವಳನ್ನು ನಮ್ಮವರೇ ಕಳ್ಳಿ ಮಾಡಿದ್ದರು.

ಹುಡುಕುವುದು ಕಷ್ಟವಾಗಲಿಲ್ಲ. ಫೋಟೋದಲ್ಲಿದ್ದ ಮಗುವಿನ ಅಜ್ಜಿ ಅದೇ ಸೊಸೈಟಿಯ ಇನ್ನೊಂದು ಕಟ್ಟಡದಲ್ಲಿದ್ದರು, ಸೊಲ್ಲಾಪುರದ ಕಡೆಯವರು. ‘ಹಠ ಮಾಡಿ ಅಳ್ತಿತ್ತು, ಭಂಡಾರ ಹಚ್ಚವ್ವಾ ಅಂತ ನಾನೇ ಹೇಳ್ದೆ. ಬಾಜೂಕೇ ಬೆಂಚಿನ ಮೇಲೆ ಕೂತಿದ್ದೆ ನಾನು’ ಎಂದರು. ಫೋಟೋದ ಅಂಚು ಬೆಂಚಿಗಿಂತ ಸ್ವಲ್ಪ ಈಚೆಗೇ ಮುಗಿದಿತ್ತು. ಫೋಟೋದ ಹೆಂಗಸು ನವಿ ಮುಂಬೈಯ ತುರ್ಭೆಯವಳು, ವಾರಕ್ಕೊಮ್ಮೆ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತರುತ್ತಾಳೆ ಎಂದು ಹೇಳಿ ನಂಬರ್ ಕೊಟ್ಟರು.

ಫೋನ್ ಎತ್ತಿದ್ದು ಅವಳ ಗಂಡ. ‘ಯಾರ್ರಿ? ಇನ್ನೂ ಬೈಯೋದ ಉಳದೈತೇನು?’

ರವಿವಾರ ತುರ್ಭೆಗೆ ಹೋದೆ. ಗಂಡ ಮಾರ್ಕೆಟ್ಟಿನಲ್ಲಿ ಹಮಾಲ. ಮನೆ ಅದರ ಹಿಂದಿನ ವಸ್ತಿಯಲ್ಲಿ. ವಿಜಯಪುರದ ಕಡೆಯ ಜನ. ಆಕೆ ಚಹಾ ಕೊಟ್ಟು, ನಾನು ಕುಡಿದ ಲೋಟ ತೊಳೆದಿಟ್ಟಳು. ಆಮೇಲೆ ಒಂದೇ ಉಸುರಿಗೆ ಹೇಳಿದಳು.

‘ಠಾಣೆ ಗಾಡ್ಯಾಗ ಕುಂತಿದ್ನಿರಿ, ಲೇಡೀಜ್ ಡಬ್ಬಿ. ಒಬ್ಬಾಕಿ ಫೋನ್ ನೋಡ್ತಾಳ, ನನ್ನ ಮಾರಿ ನೋಡ್ತಾಳ. ಫೋನ್ ನೋಡ್ತಾಳ, ಮಾರಿ ನೋಡ್ತಾಳ. ಆಮ್ಯಾಲ ಎಲ್ಲಾರೂ ಎದ್ರು. ಬುಟ್ಟಿ ಬಿಚ್ಚಿ ನೋಡಿದ್ರು. ಬುಟ್ಟ್ಯಾಗ ಕೂಸ ಇರತಾವೇನ್ರಿ ಅಕ್ಕಾರ? ರೊಟ್ಟಿ ಎಲ್ಲಾ ಕೆಳಗ ಚೆಲ್ಲಿ, ಐರೋಲಿ ಸ್ಟೇಶನ್ದಾಗ ನನ್ನ ಇಳಿಸಿ ಬಿಟ್ರು. ರಟ್ಟಿ ಹಿಡದು ಎಳದು.’

ಅಂದಿನಿಂದ ಆಕೆ ಹೊರಗೆ ಹೋಗಿರಲಿಲ್ಲ. ಠಾಕುರ್ಲಿಯ ಸೊಸೈಟಿಯಲ್ಲಿ ಕಾವಲುಗಾರರ ಕೋಣೆಯ ಗೋಡೆಗೆ ಅವಳ ಫೋಟೋ ಅಂಟಿಸಿದ್ದಾರೆಂದು ಗಿರಾಕಿಯೊಬ್ಬರು ಹೇಳಿದ್ದರಂತೆ. ರೊಟ್ಟಿ ಬೇರೆ ಯಾರ ಕೈಯಲ್ಲಾದರೂ ಕಳಿಸಬಹುದು. ಮುಖವನ್ನು ಯಾರ ಕೈಯಲ್ಲಿ ಕಳಿಸುವುದು? ‘ಈ ಮಾರಿ ಹೊತಗೊಂಡು ನಾ ಎಲ್ಲಿ ಹೋಗಲ್ರಿ?’ ಎಂದು ಕೇಳಿದಳು. ಅಳು ಇರಲಿಲ್ಲ. ನಿಜಕ್ಕೂ ಉತ್ತರ ಬೇಕಾದ ಪ್ರಶ್ನೆ ಅದು.

ಅಧ್ಯಕ್ಷರಿಗೆ ಎಲ್ಲ ತಿಳಿಸಿದೆ. ಅವರು ಕೆಟ್ಟವರಲ್ಲ. ಹೋಟೆಲಿನವರ ಇನ್ನೊಂದು ದೊಡ್ಡ ಗ್ರೂಪಿಗೆ ತಾವೂ ಅದನ್ನು ಕಳಿಸಿದ್ದನ್ನು ಒಪ್ಪಿಕೊಂಡು, ನಿಜವಾಗಿಯೂ ನೊಂದುಕೊಂಡರು. ಆದರೆ ಪರಿಹಾರ ಅವರಿಗೆ ಸುಲಭವಾಗಿ ಕಂಡಿತು.

‘ಡಿಲೀಟ್ ಮಾಡಿಬಿಡುವ ಮಾರಾಯ್ರೆ. ನಾಲ್ಕು ದಿನ ಹೋದ್ರೆ ಜನ ಮರೀತಾರೆ.’

ಅದನ್ನು ಆಕೆಗೆ ಫೋನಿನಲ್ಲಿ ಹೇಳಿದೆ.

‘ಡಿಲೀಟ್ ಮಾಡಿದ್ರ ನಿಮ್ಮ ಫೋನ್ ಸ್ವಚ್ಛ ಆಗತೈತ್ರಿ. ನನ್ನ ಮಾರಿ ಸ್ವಚ್ಛ ಆಗತೈತೇನು?’

ಅಧ್ಯಕ್ಷರು ಇನ್ನೊಂದು ದಾರಿ ಯೋಚಿಸಿದರು. ಮುಂಬೈ ಕಡೆಯ ಸಂಘಗಳಲ್ಲಿ ಎಲ್ಲ ಕಾಯಿಲೆಗೂ ಇರುವ ಒಂದೇ ಮದ್ದು ಸನ್ಮಾನ. ಯಾರು ಮುನಿಸಿಕೊಂಡರೂ, ಯಾರು ಚುನಾವಣೆಯಲ್ಲಿ ಸೋತರೂ ಶಾಲು, ಹಾರ, ಹಣ್ಣಿನ ತಟ್ಟೆ, ಸ್ಮರಣಿಕೆ. ‘ರಾಜ್ಯೋತ್ಸವಕ್ಕೆ ಸ್ಟೇಜಿಗೆ ಕರೆದು ಒಂದು ಶಾಲು ಹೊದಿಸುವ. ಶ್ರಮಜೀವಿ ಮಹಿಳೆ ಅಂತ. ಅವರಿಗೂ ಖುಷಿ, ನಮಗೂ ಮರ್ಯಾದೆ.’

ಈ ಮಾತನ್ನೂ ಮುಟ್ಟಿಸಿದೆ. ಅದಕ್ಕೆ ಬಂದ ಉತ್ತರವನ್ನು ಒಂದಕ್ಷರ ಬಿಡದೆ ಅಧ್ಯಕ್ಷರಿಗೆ ಹೇಳಿದೆ. ಡೆಸ್ಕಿನಲ್ಲಿ ಎಷ್ಟೋ ಹೇಳಿಕೆಗಳನ್ನು ಕತ್ತರಿಸಿದವಳಿಗೆ ಇದರಲ್ಲಿ ಕತ್ತರಿಸಲು ಏನೂ ಸಿಗಲಿಲ್ಲ.

‘ಮಾಡದ ಕಳವಿಗೆ ಕಳ್ಳಿ ಅಂದ್ರಿ. ಈಗ ಮಾಡದ ಸಾಧನೆಗೆ ಶಾಲ ಹೊಚ್ಚತೀವಿ ಅಂತೀರಿ. ಎರಡೂ ಬ್ಯಾಡ್ರಿ. ಅಂದ ಮಾತ ಹಿಂದ ತಗೋರಿ, ಸಾಕು. ಯಾರ್ ಯಾರ್ ಮುಂದ ಅಂದೀರಿ, ಅವರ ಮುಂದನ ತಗೋರಿ.’

ನನಗೆ ಬೇಕಾದದ್ದೂ ಇದೇ. ತಪ್ಪು ಯಾವ ಪುಟದಲ್ಲಿ ಆಯಿತೋ ಅದೇ ಪುಟದಲ್ಲಿ ತಿದ್ದುಪಡಿ ಬರಬೇಕೆಂದು ಹಟ ಹಿಡಿಯುತ್ತಿದ್ದ ಡೆಸ್ಕಿನಲ್ಲಿ ಬೆಳೆದವಳು ನಾನು. ಮುಖಪುಟದಲ್ಲಿ ಒಬ್ಬನನ್ನು ಕೆಡವಿ, ಒಳಪುಟದ ಮೂಲೆಯಲ್ಲಿ ‘ವಿಷಾದಿಸುತ್ತೇವೆ’ ಎಂದರೆ ಅದು ಎರಡನೆಯ ಸುಳ್ಳು. ಮೊಬೈಲಿಗೆ ಪುಟಗಳಿಲ್ಲ, ದಾರಿಗಳಿವೆ. ಸುಳ್ಳು ಯಾವ ಯಾವ ದಾರಿಯಲ್ಲಿ ಹೋಯಿತೋ ಆ ದಾರಿಯಲ್ಲೆಲ್ಲ ನಿಜ ಹೋಗಬೇಕು. ಕಳಿಸಿದವರೇ ಕಳಿಸಬೇಕು.

ಅಧ್ಯಕ್ಷರು ಒಂದು ಕರಡು ಬರೆದು ಕಳಿಸಿದರು: ‘ಕಣ್ತಪ್ಪಿನಿಂದ ರವಾನೆಯಾದ ಸಂದೇಶದಿಂದ ಯಾರ ಭಾವನೆಗಾದರೂ ನೋವಾಗಿದ್ದಲ್ಲಿ ಸಂಘವು ಖೇದ ವ್ಯಕ್ತಪಡಿಸುತ್ತದೆ.’ ನಾನು ಅಷ್ಟನ್ನೂ ಹೊಡೆದು ಹಾಕಿದೆ. ‘ಯಾರ’ ಅಲ್ಲ, ಈಕೆಯ. ‘ಆಗಿದ್ದಲ್ಲಿ’ ಅಲ್ಲ, ಆಗಿದೆ. ಸಂಘವಲ್ಲ, ಕಳಿಸಿದ ಒಬ್ಬೊಬ್ಬರೂ. ಬರವಣಿಗೆಯೂ ಬೇಡವೆಂದೆ. ಬರೆದದ್ದನ್ನು ಯಾರೂ ಓದದೆಯೇ ಮುಂದೆ ತಳ್ಳಬಹುದು. ದನಿಗೆ ಒಬ್ಬ ವಾರಸುದಾರ ಇರುತ್ತಾನೆ. ಆ ಫೋಟೋವನ್ನು ಮುಂದೆ ಕಳಿಸಿದ ಪ್ರತಿಯೊಬ್ಬರೂ ತಮ್ಮ ದನಿಯಲ್ಲಿ, ತಮ್ಮ ಹೆಸರು ಹೇಳಿ, ತಾವು ಕಳಿಸಿದ್ದ ಗ್ರೂಪಿಗೇ ಸಂದೇಶ ಹಾಕಬೇಕು. ಆಗದಿದ್ದವರು ಗ್ರೂಪು ಬಿಡಬಹುದು.

ಅದನ್ನು ಬರೆದು ಹಾಕಿದ ಮೇಲೆ ಗ್ರೂಪಿನ ಆತ್ಮೀಯತೆಯ ನಿಜವಾದ ತೂಕ ಗೊತ್ತಾಯಿತು. ‘ಇದೆಂತ ಕೋರ್ಟಾ?’ ‘ನಾವು ಒಳ್ಳೇದಕ್ಕೇ ಕಳಿಸಿದ್ದು.’ ‘ಒಬ್ಬಳು ರೊಟ್ಟಿಯವಳಿಗೋಸ್ಕರ ನಾವೆಲ್ಲ ಕೈಕಟ್ಟಿ ನಿಲ್ಲಬೇಕಾ?’ ‘ಮೇಡಮ್ಮಿಗೆ ತಲೆಗೆ ಏರಿದೆ.’ ದಿನಾ ಬೆಳಗ್ಗೆ ನನಗೆ ಹೂವು ಕಳಿಸುತ್ತಿದ್ದವರು ಒಬ್ಬೊಬ್ಬರಾಗಿ ಹೊರಟರು.

ಅಧ್ಯಕ್ಷರ ಫೋನ್ ಬಂತು. ‘ಗ್ರೂಪೇ ಖಾಲಿ ಆಗ್ತಾ ಉಂಟಲ್ಲ ಅಕ್ಕ.’

‘ಆಗಲಿ.’

‘ಆಗಲಿ ಅಂದ್ರೆ? ಇಷ್ಟು ಜನ ಸೇರಿಸ್ಲಿಕ್ಕೆ ನಂಗೆ ಎಷ್ಟು ವರ್ಷ ಹಿಡೀತು ಗೊತ್ತುಂಟಾ?’

‘ಸೇರಿಸಿದ್ದು ಹೌದು. ನಾಳೆ ನಿಮ್ಮ ಹೋಟೆಲಿನ ಫೋಟೋ ಹಾಕಿ ಯಾರಾದರೂ ಒಂದು ಸುಳ್ಳು ಬರೆದರೆ, ಈ ಜನರಲ್ಲಿ ಯಾರು ನಿಮಗೆ ಮೊದಲು ಫೋನ್ ಮಾಡಿ ಕೇಳುತ್ತಾರೆ, ಹೇಳಿ.’

ಅವರು ಫೋನ್ ಇಟ್ಟರು.

ಮೊದಲ ದನಿ ಬಂದದ್ದು ಠಾಕುರ್ಲಿಯ ಆ ಬ್ಯಾಂಕಿನವಳದು. ತನ್ನ ಹೆಸರು ಹೇಳಿ, ಬಾಲ್ಕನಿಯಿಂದ ಫೋಟೋ ತೆಗೆದದ್ದು ತಾನೇ ಎಂದು ಹೇಳಿ, ‘ಕೆಳಗೆ ಇಳಿದು ಕೇಳಬೇಕಿತ್ತು, ಕೇಳಲಿಲ್ಲ’ ಎಂದಳು. ಹಿಂದೆ ಕುಕ್ಕರಿನ ಸೀಟಿ ಕೇಳಿಸುತ್ತಿತ್ತು. ಅದನ್ನು ಕೇಳಿದ ಮೇಲೆ ಭಜನಾ ಮಂಡಳಿಯ ಹೆಂಗಸರು ಒಬ್ಬರ ನಂತರ ಒಬ್ಬರು ದನಿ ಕಳಿಸಿದರು. ಕೆಲವರಿಗೆ ಮಾತು ತಡವರಿಸಿತು. ಕೆಲವರು ತುಳುವಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದರು. ಇಷ್ಟು ವರ್ಷ ಬರೀ ಚಿತ್ರಗಳಾಗಿ ಗೊತ್ತಿದ್ದವರ ದನಿಯನ್ನು ನಾನು ಮೊದಲ ಸಲ ಕೇಳಿದೆ.

ಕೊನೆಗೆ ಅಧ್ಯಕ್ಷರೂ ಕಳಿಸಿದರು. ಗಂಟಲು ಸರಿಮಾಡಿಕೊಂಡು, ‘ಕನ್ನಡದ ಎಲ್ಲ ಬಂಧು ಬಾಂಧವರಿಗೆ ನಮಸ್ಕಾರಗಳು’ ಎಂದು ಸ್ವಾಗತ ಭಾಷಣದ ಧಾಟಿಯಲ್ಲೇ ಹೊರಟಿದ್ದರು. ಅವರು ಕಳಿಸಿದ್ದು ಹೋಟೆಲಿನವರ ದೊಡ್ಡ ಗ್ರೂಪಿಗೆ. ತುರ್ಭೆಯವಳಿಗೆ ಅದನ್ನು ಕೇಳಿಸಿದಾಗ ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ‘ಭಾಷಣ ಛಲೋ ಮಾಡ್ಯಾರ್ರಿ. ನಡುವ ತಪ್ಪಾತು ಅಂತ ಎಲ್ಲಿ ಅಂದ್ರು? ನನಗ ಕೇಳಸಲಿಲ್ಲ.’ ಅದನ್ನೂ ಹೇಳಿದೆ. ಅಧ್ಯಕ್ಷರು ಗೊಣಗುತ್ತಾ ಇನ್ನೊಮ್ಮೆ ಹೇಳಿದರು, ಈ ಸಲ ಚಿಕ್ಕದಾಗಿ: ‘ಅವರು ಮಗುವಿಗೆ ದೇವರ ಭಂಡಾರ ಹಚ್ಚಿದ್ದು. ನಾನು ವಿಚಾರಿಸದೆ ಕಳಿಸಿದೆ. ತಪ್ಪು ನನ್ನದು.’

ಈ ದನಿಗಳ ಜೊತೆಗೆ ಅದೇ ಫೋಟೋ ಮತ್ತೆ ಹೋಗಬೇಕಿತ್ತು. ಪತ್ರಿಕೆಯ ರೂಢಿಯಂತೆ ಆಕೆಯ ಮುಖವನ್ನು ಮಸುಕು ಮಾಡಿಸೋಣವೆಂದೆ. ಆಕೆಗೆ ಸಿಟ್ಟು ಬಂತು.

‘ಕಳ್ಳಿ ಅನ್ನುಮುಂದ ಮಾರಿ ಮುಚ್ಚಿದ್ರೇನು? ಕಳ್ಳಿ ಅಲ್ಲ ಅನ್ನುಮುಂದ ಯಾಕ ಮುಚ್ಚತೀರಿ? ಇರಲಿ ಬಿಡ್ರಿ. ನನ್ನ ದನೀನೂ ಹಾಕ್ರಿ.’

ಫೋನನ್ನು ತುಟಿಯ ಹತ್ತಿರ ಹಿಡಿದು, ಎದುರಿಗೆ ಯಾರೋ ನಿಂತಿದ್ದಾರೆಂಬಂತೆ ಮಾತಾಡಿದಳು. ತನ್ನ ಹೆಸರು, ಊರು, ತುರ್ಭೆಯಲ್ಲಿ ಎಲ್ಲಿ ಇರುವುದು, ಏನು ಮಾರುವುದು. ಕೊನೆಗೆ, ‘ಶುಕ್ರವಾರ ಠಾಕುರ್ಲಿಗೆ ಬರಾಕಿ ಅದೀನಿ. ಕೇಳೂದಿದ್ದವರು ಎದುರಿಗಿ ನಿಂತು ಕೇಳ್ರಿ. ಮ್ಯಾಲಿಂದ ನೋಡಬ್ಯಾಡ್ರಿ.’

ಎಲ್ಲವೂ ಸರಿಹೋಯಿತೆಂದು ಬರೆದರೆ ನಾನು ನನ್ನ ಕೆಲಸಕ್ಕೆ ಮೋಸ ಮಾಡಿದಂತೆ. ಬಿಟ್ಟುಹೋದವರಲ್ಲಿ ಅನೇಕರು ಇನ್ನೊಂದು ಗ್ರೂಪು ಕಟ್ಟಿಕೊಂಡರು. ಅಲ್ಲಿ ಈಗಲೂ ಹೂವುಗಳು ಅರಳುತ್ತಿರಬಹುದು. ಆಕೆಯ ಹಳೆಯ ಗಿರಾಕಿಗಳಲ್ಲಿ ಕೆಲವು ಮನೆಗಳು ಮತ್ತೆ ಬಾಗಿಲು ತೆರೆಯಲಿಲ್ಲ. ಅದೇ ಫೋಟೋ ಮುಂದಿನ ವರ್ಷ ಬೇರೆ ಊರಿನ ಹೆಸರು ಹೊತ್ತು, ಹಿಂದಿಯಲ್ಲಿ ತಿರುಗಿ ಬಂತು. ಆದರೆ ಬಂದ ದಿನ ನಾನು ಬಾಯಿ ತೆರೆಯುವ ಮೊದಲೇ ಗ್ರೂಪಿನಲ್ಲಿ ಉಳಿದವರು ತಮ್ಮ ದನಿಗಳನ್ನು ಬಂದ ಕಡೆಗೇ ವಾಪಸ್ ಕಳಿಸಿದ್ದರು. ಸಣ್ಣ ಗ್ರೂಪು. ಯಾರಾದರೂ ಏನಾದರೂ ಹಾಕಿದರೆ ‘ನೀವೇ ನೋಡಿದ್ದಾ?’ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ; ಕೇಳಿಸಿಕೊಂಡವರು ಮುನಿಯುವುದಿಲ್ಲ. ನಂಬಿಕೆ ಎಂಬ ಪದವನ್ನು ನಾನು ಬೇರೆ ಯಾವ ಅರ್ಥದಲ್ಲಿಯೂ ಬಳಸುವುದನ್ನು ಬಿಟ್ಟಿದ್ದೇನೆ.

ಆ ಶುಕ್ರವಾರ ಬೆಳಗ್ಗೆ ಠಾಕುರ್ಲಿ ಸ್ಟೇಷನ್ನಿನಲ್ಲಿ ಆಕೆಯ ಜೊತೆ ನಾನೂ ಇಳಿದೆ. ತುರ್ಭೆಯಿಂದ ಠಾಣೆಗೆ, ಠಾಣೆಯಿಂದ ಇಲ್ಲಿಗೆ, ದಾರಿಯುದ್ದಕ್ಕೂ ಆಕೆ ಲೇಡೀಜ್ ಡಬ್ಬಿಯಲ್ಲಿ ಎಲ್ಲರ ಮುಖವನ್ನೂ ನೇರವಾಗಿ ನೋಡುತ್ತಾ ಬಂದಿದ್ದಳು. ‘ಯಾರರ ನೋಡಲಿ ಅಂತ ಕಾಯಾಕ್ಹತ್ತೀನ್ರಿ, ಯಾರೂ ನೋಡವಲ್ರು’ ಎಂದು ನಕ್ಕಳು. ಸೊಸೈಟಿಯ ಗೇಟು ಹತ್ತಿರ ಬಂದಂತೆ ನಗು ನಿಂತಿತು.

ಕಾವಲುಗಾರ ಆಕೆಯನ್ನು ಗುರುತಿಸಿದ. ಗೋಡೆಯ ಮೇಲೆ ಫೋಟೋ ಇರಲಿಲ್ಲ. ಅಂಟು ಕಿತ್ತ ನಾಲ್ಕು ಮೂಲೆ ಮಾತ್ರ ಇದ್ದವು. ಅವನು ಆಚೀಚೆ ನೋಡಿ, ದನಿ ತಗ್ಗಿಸಿ, ‘ಮೌಶೀ, ಪೀಛೇ ಕೇ ಗೇಟ್ ಸೇ ಜಾವ್ ನಾ. ಸೆಕ್ರೆಟರಿ ಬೋಲಾ ಹೈ’ ಎಂದ. ಹಿಂದಿನ ಗೇಟಿನಿಂದ ಹೋಗಲು ಸೆಕ್ರೆಟರಿ ಹೇಳಿದ್ದಾರೆ. ಅವನದು ಕೆಟ್ಟ ಮನಸ್ಸಲ್ಲ. ಯಾರ ಕಣ್ಣಿಗೂ ಬೀಳದೆ ಎಲ್ಲ ಮುಗಿದುಹೋಗಲಿ ಎಂಬ ಆಸೆ.

ಆಕೆ ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು. ಕನ್ನಡದಲ್ಲೇ ಹೇಳಿದಳು, ಅವನಿಗೆ ಅರ್ಥವಾಗಲಿ ಬಿಡಲಿ.

‘ಹಿಂದಿನ ಬಾಗಲಾ ಕಳ್ಳರಿಗೆ. ನಾ ಇಲ್ಲಿಂದನ ಹೋಗಾಕಿ.’

ನಾನು ಬಾಯಿ ಹಾಕುವ ಅಗತ್ಯ ಬರಲಿಲ್ಲ. ಬ್ಯಾಂಕಿಗೆ ಹೊರಟ ಉಡುಪಿನಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು, ಆ ಫೋಟೋ ತೆಗೆದವಳು ಮೆಟ್ಟಿಲಿಳಿದು ಬರುತ್ತಿದ್ದಳು. ಬಾಲ್ಕನಿಯಲ್ಲಿ ಎಷ್ಟು ಹೊತ್ತಿನಿಂದ ಕಾಯುತ್ತಿದ್ದಳೋ. ಗೇಟಿಗೆ ಬಂದು ಕಾವಲುಗಾರನಿಗೆ ಹಿಂದಿಯಲ್ಲಿ, ಸುತ್ತ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: ‘ಮೇರೀ ಮೆಹಮಾನ್ ಹೈ. ಮೇರೇ ಘರ್ ಆ ರಹೀ ಹೈ. ಸೆಕ್ರೆಟರಿ ಕೋ ಬೋಲೋ, ಮುಝ್ ಸೇ ಬಾತ್ ಕರೇ.’ ಇವರು ನನ್ನ ಅತಿಥಿ, ನನ್ನ ಮನೆಗೆ ಬರುತ್ತಿದ್ದಾರೆ, ಸೆಕ್ರೆಟರಿ ನನ್ನೊಡನೆ ಮಾತಾಡಲಿ.

ಆಮೇಲೆ ಈಕೆಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ‘ಬನ್ನಿ. ಮೊದಲು ನಮ್ಮನೆಗೆ’ ಎಂದಳು.

ಆಕೆ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ.

‘ನಿಮ್ಮನಿ ಯಾವ ಮಜಲ್ಯಾಗ ಐತ್ರಿ?’

‘ಮೂರನೆಯದ್ರಲ್ಲಿ.’

‘ಲಿಫ್ಟ್ ಚಾಲೂ ಐತಿಲ್ಲೋ?’ ಎಂದು ಕೇಳುತ್ತಾ, ಕಾವಲುಗಾರ ಗೇಟು ಪೂರ್ತಿ ತೆರೆಯುವವರೆಗೂ ನಿಂತಿದ್ದು, ಆಕೆ ಒಳಗೆ ನಡೆದಳು.